ಎರಡು ಸಾವಿರ ತೋಟ

ಗುರುವಾರ ಭೋಸರಿಗೆ ಕರೆಂಟಿಲ್ಲ. ಬುಧವಾರ ಸಂಜೆಯೇ
ಪಿಸಾಳ ಸುಬೇದಾರರು ಸ್ಕೂಟರಿನ ಕಾಲ ಬಳಿ ಗೋಣಿ ಸುತ್ತಿ
ತಂದರು ಅದನ್ನು. ಮೇಜಿನ ಮೇಲಿಟ್ಟು, ಬಿಚ್ಚಿ,
ಕಾಯಿಲೆ ಬಿದ್ದ ಮೇಕೆ ತೋರಿಸುವವರ ಹಾಗೆ ನಿಂತರು.

ಟ್ರಿಮ್ಮರ್.
ಹಾರಿಸಿದ ತೋಟಾದ ಹಿತ್ತಾಳೆ ಕವಚ
ಪ್ರತಿ ಸಲವೂ ಕೂದಲೆಳೆಯಷ್ಟು ಉದ್ದವಾಗುತ್ತದೆ;
ಮತ್ತೆ ತುಂಬುವ ಮೊದಲು ಕತ್ತನ್ನು ಅಳತೆಗೆ ಹೆರೆಯಬೇಕು.
ರೈಫಲ್ ಕ್ಲಬ್ಬಿನ ಹುಡುಗರಿಗೆ ಲೈಸೆನ್ಸಿದೆ, ತಾಳ್ಮೆಯಿಲ್ಲ.
ಹಿಡಿಕೆ ತಿರುವಿ ತಿರುವಿ ಇವರ ಮಣಿಕಟ್ಟು ಹೋಯಿತು.
ಯಾರೋ ಪುಣ್ಯಾತ್ಮ ಡ್ರಿಲ್ಲಿನ ಮೋಟರ್ ಕೂಡಿಸಿಕೊಟ್ಟನಂತೆ,
ಅದೋ, ಲಗಾಮಿಲ್ಲದ ಕುದುರೆ.
"ನೂರರಲ್ಲಿ ಮೂವತ್ತು ಓರೆ, ಪೋರೀ,"
ಅಂದರು ಮರಾಠಿಯಲ್ಲಿ,
ಬಾಯಿ ಹರಿದ ಹತ್ತು ಕವಚ ನನ್ನ ಅಂಗೈಗೆ ಸುರಿದು.
ಇನ್ನೂ ಮದ್ದಿನ ವಾಸನೆ, ದೀಪಾವಳಿಯ ಮರುದಿನದ್ದು.

ಬುಶ್ ಕಿತ್ತು ಬೇರಿಂಗ್ ಕೂಡಿಸಿದೆ.
ಕಾರ್ಬೈಡಿನ ಕಟ್ಟರ್ ತಂದೆ, ಚಿಂಚವಡದಿಂದ, ಉದ್ರಿ ಹೇಳಿ.
ತಡೆಗೊಂದು ಕಾಲರ್ ಲೇತಿನಲ್ಲಿ ತಿರುವಿದೆ,
ಎರಡು ಸ್ಕ್ರೂ, ತುದಿಗೆ ತಾಮ್ರದ ಚೂರು,
ಕಡ್ಡಿಯ ಮೈಗೆ ಗಾಯವಾಗದಂತೆ.
ಆದರೂ ಗುಂಡಿ ಒತ್ತಿದ ಕ್ಷಣ ಮೇಜೆಲ್ಲ ನಡುಗಿ
ಹಿತ್ತಾಳೆ ಕಿರುಚುತ್ತಿತ್ತು.
ಡಯಲಿನ ಮುಳ್ಳು
ದುಡ್ಡು ತಿಂದ ಸಾಕ್ಷಿಯ ಹಾಗೆ ಅತ್ತ ಒಮ್ಮೆ ಇತ್ತ ಒಮ್ಮೆ.
ಮಾಲಕಿ ಟಿಳೇಕರಬಾಯಿ ಇಣುಕಿ ನೋಡಿ ಹೋದಳು.
ಏನೂ ಅನ್ನಲಿಲ್ಲ. ಅನ್ನದೆ ಹೋಗುವುದು ಅವಳ ಬೈಗುಳ.

ಅವ್ವನ ಹೊಲಿಗೆ ಮಿಶಿನ್ನಿನ ಮೋಟರ್ ಮಂಚದ ಕೆಳಗಿತ್ತು,
ಪೆಡಲ್ ಸಮೇತ, ಹಳೆಯ ಲಂಗದಲ್ಲಿ ಗಂಟು ಕಟ್ಟಿ.
ಕಣ್ಣಿಗೆ ಪೊರೆ ಬಂದಾಗಿನಿಂದ
ಗುಳೇದಗುಡ್ಡದ ಖಣ ಅವಳ ಕೈಗೆ ಬಂದಿಲ್ಲ.
ಕೇಳದೆ ಒಯ್ದೆ.
ಕೇಳಿದ್ದರೆ ಕೊಟ್ಟುಬಿಡುತ್ತಿದ್ದಳು, ಅದೇ ಕಷ್ಟ.

ಶುಕ್ರವಾರ ಬುತ್ತಿ ತಂದವಳು ಬಾಗಿಲಲ್ಲೇ ನಿಂತಳು.
ಏಳು ಲೇತು ಓಡುತ್ತಿದ್ದವು, ಒಂದು ಪ್ರೆಸ್ಸು,
ಹೊರಗೆ ಟೆಂಪೊ. ಅಷ್ಟರ ನಡುವೆ ಕಿವಿ ಕೊಟ್ಟು,
"ಇದು ನಂದಲ್ಲೇನ?" ಅಂದಳು.
ನಾನು ಗ್ರೀಸಿನ ಕೈ ಒರೆಸಿಕೊಳ್ಳುತ್ತಲೇ ಇದ್ದೆ.
ಚಪ್ಪಲಿ ಬಿಟ್ಟು, ಸ್ಟೂಲು ಎಳೆದು ಕೂತು,
ಬರಿಗಾಲನ್ನು ಪೆಡಲಿನ ಮೇಲಿಟ್ಟಳು.

ಮೂವತ್ತು ವರ್ಷ ಕೊರಳಿನ ತಿರುವಿಗೆ ನಿಧಾನಿಸಿದ ಪಾದ.
ಕವಚ ಕಟ್ಟರಿಗೆ ತಾಗುವ ಮೊದಲೇ ಅದಕ್ಕೆ ಗೊತ್ತಾಯಿತು.
ಕಿರುಚಲಿಲ್ಲ ಹಿತ್ತಾಳೆ; ಮೂಗಿನಲ್ಲಿ ಏನೋ ಗುನುಗಿ
ಒಂದೇ ಎಳೆಯಾಗಿ ಸಿಪ್ಪೆ ಬಿಟ್ಟಿತು, ಸುರುಳಿ ಸುರುಳಿ,
ಅವಳ ಸೀರೆಯ ನಿರಿಗೆಯ ಮೇಲೆ.
ಮುಳ್ಳು ನಿಂತಿತು. ನಾನು ಇನ್ನೊಂದು ಕೊಟ್ಟೆ.
ನಿಂತಿತು. ಇನ್ನೊಂದು.

ಬಾಯಿಯ ಅಂಚಿಗೆ ಕಿರುಬೆರಳು ಆಡಿಸಿ
ಕಾಜಾ ನೋಡುವ ಹಾಗೆ ನೋಡಿದಳು, ಕಣ್ಣು ಮುಚ್ಚಿ:
"ಹೊರಗ ನೆಟ್ಟಗೈತಿ. ಒಳಗ ಒಂದೀಟು ಚುಚ್ಚತೈತಿ."
ವರ್ನಿಯರ್ ಇದನ್ನು ಹೇಳಿರಲಿಲ್ಲ.
ಒಳಗಿನ ಸಿಬಿರು ತೆಗೆಯಲು ಚಿಕ್ಕದೊಂದು ಶಂಕು ಕಡೆದು ಕೂಡಿಸುವಷ್ಟರಲ್ಲಿ
ಬುತ್ತಿಯ ರೊಟ್ಟಿ ಒಣಗಿತ್ತು.

ರಾತ್ರಿ ನನ್ನ ಲೆಕ್ಕದ ಪುಸ್ತಕವನ್ನು
ಪೊರೆ ತೆಗೆಸಿದ ಒಂದು ಕಣ್ಣಿಗೆ ಹತ್ತಿರ ಹಿಡಿದಳು.
ಕನ್ನಡದಲ್ಲೇ ಬರೆಯುತ್ತೇನೆ, ಮಾಲಕಿಗೆ ತಿಳಿಯದಿರಲೆಂದು.
"ಪಿಸಾಳ. ಎರಡು ಸಾವಿರ ತೋಟ. ಕತ್ತು ಹೆರೆಯುವುದು."
ಓದಿ, ತಲೆಯೆತ್ತಿ,
"ಯಾರಿಗೈತವ್ವಾ ಇಷ್ಟ್ ತ್ವಾಟ? ನಮಗ ಒಂದ ಹಿತ್ತಲನೂ ಇಲ್ಲ."

ಕೊನೆಯ ದೀರ್ಘ ಬಿಟ್ಟುಹೋಗಿತ್ತು, ಆತುರಕ್ಕೆ.
ಅಷ್ಟೇ ಉದ್ದದ ವ್ಯತ್ಯಾಸ.
ತಿದ್ದೋಣವೆಂದು ಪೆನ್ನು ತೆಗೆದೆ.
ಅವ್ವ ಅಷ್ಟರಲ್ಲಿ ಮೋಟರಿನ ಬಾಡಿಗೆ ಹೇಳಿದಳು:
ದಿನಕ್ಕೆ ನಲವತ್ತು. ಕಾಲಿಗೆ ಬೇರೆ.
ಅದನ್ನೇ ಬರೆದುಕೊಂಡೆ.